ಇಪ್ಪತ್ತಮೂರು ಸಲ ಬಂದ ವರ್ಷ

೨೦೭೧ನೆಯ ಇಸವಿಯ ಏಪ್ರಿಲ್ ಹನ್ನೊಂದರಂದು ಮುದೇನಕೊಪ್ಪದ ನಗರಸಭೆಯು ತೊಗಲಕೇರಿಯ ಮೂವತ್ತೆಂಟು ಮನೆಗಳ ಬೆಲೆ ಸೊನ್ನೆ ಎಂದು ಬರೆದುಕೊಂಡಿತು. ಬೆಲೆಯಿಲ್ಲದ ಕಟ್ಟಡವನ್ನು ಕೆಡವಲು ಮನೆಯವರ ಒಪ್ಪಿಗೆ ಬೇಕಿಲ್ಲ, ನೋಟೀಸೂ ಬೇಕಿಲ್ಲ ಎಂಬ ನಿಯಮವಿತ್ತು. ಆದ್ದರಿಂದ ಯಾರನ್ನೂ ಕೇಳಲಿಲ್ಲ. ಮೇ ಎರಡನೆಯ ತಾರೀಖನ್ನು ಕೆಡವುವ ದಿನವೆಂದು ಗೊತ್ತುಪಡಿಸಿದರು.

ಆ ಏಪ್ರಿಲ್ ಹನ್ನೊಂದರ ಬೆಳಿಗ್ಗೆ ಹತ್ತು ಗಂಟೆಗೆ, ಬೆಲೆ ಕಟ್ಟುವ ಯಂತ್ರ ಬೆಲೆಗಣ್ಣು ಕೇರಿಯ ಹುಲಿಗೆಮ್ಮನ ಮನೆಯ ಮುಂದೆ ಮೂರು ಕಾಲು ಊರಿ ನಿಂತಿತ್ತು. ಅದನ್ನು ಹೆಗಲ ಮೇಲೆ ಹೊತ್ತು ತಂದವನು ಮಾನಪ್ಪ ಬಡಿಗೇರ. ಇಪ್ಪತ್ತಾರು ವರ್ಷಗಳಿಂದ ಕಾಗದದ ಮೇಲೆ ಅವನ ಹುದ್ದೆ ಯಂತ್ರಧಾರಿ. ಕಚೇರಿಯವರ ಬಾಯಲ್ಲಿ ಅವನು ಕಣ್ಣಿನ ಮಾನಪ್ಪ. ಹಂಡೆಯಷ್ಟು ದಪ್ಪದ, ಹಿತ್ತಾಳೆ ಬಣ್ಣದ ಆ ಯಂತ್ರ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ಗೋಡೆ, ಮಾಳಿಗೆ, ಬಾಗಿಲುಗಳನ್ನು ನೋಡಿತು. ಒಂದು ಕಾಲೆತ್ತಿ ನೆಲವನ್ನು ಮೂರು ಸಲ ಕುಟ್ಟಿ ಅಡಿಪಾಯದ ಗಟ್ಟಿತನವನ್ನು ಆಲಿಸಿತು. ಅರ್ಧ ನಿಮಿಷ ಕಳೆಯುವುದರೊಳಗೆ ಅದರ ಎದೆಯ ಮೇಲೆ ಅಂಕಿ ಮೂಡಿತು. ಹಸಿರು ದೀಪ ಮಿನುಗಿತು.

"ಸಾಕ್ಷಿನುಡಿ ಹೇಳಿ" ಎಂದಿತು ಯಂತ್ರ.

"ಕಂಡೆನು, ಒಪ್ಪಿದೆನು" ಎಂದ ಮಾನಪ್ಪ, ಎಲೆಯಡಿಕೆ ಚೀಲದ ದಾರ ಬಿಚ್ಚುತ್ತ.

ಹುಲಿಗೆಮ್ಮ ಹೊಸ್ತಿಲೊಳಗೆ ನಿಂತಿದ್ದಳು. "ಎಷ್ಟು ಬಂತ್ರಿ ಮಾನಪ್ಪಣ್ಣಾರ?"

"ವರ್ಷಾ ಬರೂದ ಬಂತು."

"ಸೊನ್ನಿ?"

"ಸೊನ್ನಿ."

"ನಿಮ್ಮ ಯಂತ್ರ ಕುಟ್ಟಿ ಕುಟ್ಟಿ ನನ್ನ ಅಂಗಳದಾಗ ಕುಣಿ ಬಿದ್ದೈತಿ ನೋಡ್ರಿ. ಬೆಲಿ ಕೊಡ್ದಿದ್ರ ಇರ್ಲಿ, ಒಂದು ಬುಟ್ಟಿ ಮಣ್ಣರೆ ಹಾಕಿ ಹೋಗ್ರಿ."

ಮಾನಪ್ಪ ನಕ್ಕ. ಪಕ್ಕದ ಮನೆಗೆ ಹೋದ. ಮಧ್ಯಾಹ್ನದ ಊಟದ ಹೊತ್ತಿಗೆ ಮೂವತ್ತೆಂಟು ಮನೆ ಮುಗಿದವು.

ಬೆಲೆಗಣ್ಣು ಬರುವ ಮುಂಚೆ ಮನೆಯ ಬೆಲೆ ಹೇಳಲು ಮನುಷ್ಯರು ಬರುತ್ತಿದ್ದರು. ಅವರು ಚಹಾ ಕುಡಿಯುತ್ತಿದ್ದರು, ಬಂಧು ಬಳಗ ವಿಚಾರಿಸುತ್ತಿದ್ದರು, ಲಂಚಕ್ಕೆ ತಕ್ಕ ಬೆಲೆ ಬರೆಯುತ್ತಿದ್ದರು. ಅದನ್ನು ತಪ್ಪಿಸಲೆಂದೇ ರಾಜ್ಯದ ಮೌಲ್ಯಮಾಪನ ಪ್ರಯೋಗಾಲಯವು ಈ ಯಂತ್ರವನ್ನು ಕಟ್ಟಿತು. ಹಳೆಯ ಮಾರಾಟಪತ್ರಗಳನ್ನೆಲ್ಲ ಅದಕ್ಕೆ ಓದಿಸಿದರು. ಹಾಗೆ ಓದಿಸಿದ ರಾಶಿಗೆ ಕಲಿಕಾಕಣಜ ಎಂದು ಹೆಸರು. ಎಂಥ ಬೀದಿಯ ಎಂಥ ಮನೆ ಎಷ್ಟಕ್ಕೆ ಹೋಗುತ್ತದೆ ಎಂಬುದನ್ನು ಯಂತ್ರ ಆ ಕಣಜದಿಂದ ಕಲಿಯಿತು. ಯಂತ್ರವೊಂದನ್ನೇ ನಂಬುವುದು ಬೇಡವೆಂದು, ಹೊತ್ತು ತಂದವನು ಸ್ಥಳದಲ್ಲೇ ನಿಂತು ಎರಡು ಶಬ್ದದ ಸಾಕ್ಷಿ ನುಡಿಯಬೇಕೆಂಬ ಕಟ್ಟಳೆಯನ್ನೂ ಇಟ್ಟರು.

ಯಂತ್ರದೊಳಗಿನ ತಂತ್ರಾಂಶಕ್ಕೆ ಒಂದು ಅವಧಿ ಇತ್ತು. ೨೦೪೯ರ ಡಿಸೆಂಬರ್ ಮೂವತ್ತೊಂದಕ್ಕೆ ಪರವಾನಗಿ ಮುಗಿಯುತ್ತಿತ್ತು. ಬೇರೆ ಊರಿನ ನಗರಸಭೆಗಳು ಹಣ ತೆತ್ತು ಹೊಸದನ್ನು ತರಿಸಿಕೊಂಡವು. ಮುದೇನಕೊಪ್ಪದವರು ಮಾತ್ರ ಒಂದು ಉಪಾಯ ಕಂಡುಕೊಂಡರು. ೨೦೫೦ರ ಜನವರಿ ಒಂದರ ಬೆಳಿಗ್ಗೆ ಯಂತ್ರದ ಪಂಚಾಂಗವನ್ನು ಒಂದು ವರ್ಷ ಹಿಂದಕ್ಕೆ ತಿರುವಿದರು. ಯಂತ್ರ ಅದು ೨೦೪೯ ಎಂದೇ ನಂಬಿ ಕೆಲಸಕ್ಕೆ ನಿಂತಿತು. ಮರುವರ್ಷವೂ ತಿರುವಿದರು. ಕ್ರಮೇಣ ಅದೊಂದು ಹಬ್ಬವೇ ಆಯಿತು. ಪ್ರತಿ ಹೊಸ ವರ್ಷದ ದಿನ ಹೆಡ್ ಕ್ಲರ್ಕ್ ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಊದುಬತ್ತಿ ಬೆಳಗುವನು. ಮಾನಪ್ಪ ಬೆನ್ನಿನ ಮುಚ್ಚಳ ತೆಗೆದು ವರ್ಷ ತಿರುವುವನು. ಎಲ್ಲರಿಗೂ ಪೇಡೆ ಹಂಚುವರು. ೨೦೪೯ರಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನ. ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಇಪ್ಪತ್ತೊಂಬತ್ತನೆಯ ತಾರೀಖು ಬಂದಾಗ ಯಂತ್ರಕ್ಕೆ ಆ ದಿನವೇ ಇರುತ್ತಿರಲಿಲ್ಲ. ಅಂದು ಮಾನಪ್ಪನಿಗೆ ರಜೆ.

ಹಳೆಯ ಬೆಲೆಯನ್ನು ಇಂದಿನದಕ್ಕೆ ತರಲು ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದರು. ಯಾವ ವಾರ್ಡಿಗೆ ಎಷ್ಟರಿಂದ ಗುಣಿಸಬೇಕು ಎಂದು ಅದರಲ್ಲಿತ್ತು. ಮೂರನೆಯ ವಾರ್ಡಿಗೆ ಆರು, ಬಜಾರಿಗೆ ಒಂಬತ್ತು. ಮೊನ್ನೆ ಮೊನ್ನೆ ತೂಗುರೈಲಿನ ನಿಲ್ದಾಣ ಪಕ್ಕದಲ್ಲೇ ಬಂದದ್ದರಿಂದ ತೊಗಲಕೇರಿಗೆ ಹದಿನಾಲ್ಕು. ಊರಿಗೆಲ್ಲ ದೊಡ್ಡ ಅಂಕಿ ಅದೇ. ಸೊನ್ನೆಯನ್ನು ಹದಿನಾಲ್ಕರಿಂದ ಗುಣಿಸಿ ಗುಮಾಸ್ತರು ಸೊನ್ನೆ ಎಂದು ಬರೆದರು.

ನಾಲ್ಕು ದಿನ ಕಳೆದ ಮೇಲೆ ಇಬ್ಬರು ಆಳುಗಳು ಬಂದು ಕೇರಿಯ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡ ಗೆರೆ ಎಳೆದರು. ತೂಗುರೈಲಿನ ಬಂಡಿಗಳನ್ನು ನಿಲ್ಲಿಸಲು ಜಾಗ ಬೇಕಾಗಿದೆ, ಅದಕ್ಕೆ ಮನೆಗಳನ್ನು ಕೆಡವುತ್ತಾರೆ ಎಂದು ಅವರಿಂದಲೇ ಗೊತ್ತಾಯಿತು. ಮರುದಿನ ಹುಲಿಗೆಮ್ಮ ಸೆರಗು ಬಿಗಿದು ನಗರಸಭೆಗೆ ಹೋದಳು.

ಪೌರಾಯುಕ್ತ ಗುರುಸಿದ್ಧ ಅಂಗಡಿಯವರ ಕೋಣೆಯಲ್ಲಿ ಗಾಜಿನ ಕಪಾಟಿತ್ತು. ಅದರೊಳಗೆ ಮಿತವ್ಯಯ ಪ್ರಶಸ್ತಿಯ ಹನ್ನೊಂದು ಫಲಕಗಳಿದ್ದವು. ಯಂತ್ರದ ಮುಚ್ಚಳ ರಿಪೇರಿಗೆ ಸಹಿ ಬೇಕಾಗಿ ಮಾನಪ್ಪನೂ ಅಲ್ಲೇ ನಿಂತಿದ್ದ.

"ಸಾಹೇಬ್ರ, ನನ್ನ ಮನಿ ನನ್ನ ಕೇಳ್ಲಾರ್ದ ಕೆಡವತೀರಂತ" ಎಂದಳು ಹುಲಿಗೆಮ್ಮ.

"ಬೆಲೆ ಇಲ್ಲದ್ದಕ್ಕ ಏನು ಕೇಳೂದಮ್ಮಾ? ಯಂತ್ರ ಹೇಳೇತಿ, ಸಾಕ್ಷಿ ಆಗೇತಿ. ಇಷ್ಟು ವರ್ಷ ಸೊನ್ನಿ ಬಂದಾಗ ಮನಿಕಂದಾಯ ಇಲ್ಲಾಂತ ಸುಮ್ಮನ ಕುಂತ್ರಿ. ಅವತ್ತ ಬಂದು ಕೇಳಿದ್ರೇನು?"

"ಕೇಳಿದ್ವಿರಿ. ನಲ್ಲಿ ಕೇಳಿದ್ವಿ. ಕಂದಾಯ ಕಟ್ಟಲಾರದ ಓಣಿಗೆ ನಲ್ಲಿ ಇಲ್ಲ ಅಂದ್ರಿ. ಗಟಾರ ಕೇಳಿದ್ವಿ. ಅದಕ್ಕೂ ಅದನ್ನ ಅಂದ್ರಿ. ಕಂದಾಯ ಹಾಕ್ರಿ, ಕಟ್ತೀವಿ ಅಂತ ಬಂದ್ರ ಯಂತ್ರ ಒಪ್ಪೂದಿಲ್ಲ ಅಂದ್ರಿ. ಮರತ್ರೇನು?"

ಅಂಗಡಿಯವರು ಮಾನಪ್ಪನ ಕಡೆ ತಿರುಗಿದರು. "ಏನ್ರೀ, ಯಂತ್ರ ಸರಿ ಐತಿಲ್ಲೋ?"

"ಐತ್ರಿ" ಎಂದ ಮಾನಪ್ಪ.

ಹುಲಿಗೆಮ್ಮ ಅವನ ಮುಖ ನೋಡಲಿಲ್ಲ, ಅವನ ಕಾಲು ನೋಡಿದಳು. ಅವನು ಮೆಟ್ಟಿದ್ದ ಚಪ್ಪಲಿ ಅವಳು ಹೊಲಿದದ್ದು.

ಕೇರಿಯ ಕಸುಬು ಬದಲಾಗಿ ಬಹಳ ಕಾಲವಾಗಿತ್ತು. ಊರಿನ ಚರ್ಮ ಹದ ಮಾಡುವ ಕಾರ್ಖಾನೆ ಹದಿನೆಂಟು ವರ್ಷಗಳ ಹಿಂದೆಯೇ ಮುಚ್ಚಿತ್ತು. ಈಗ ಯಾರೂ ಪ್ರಾಣಿಯ ತೊಗಲು ಮುಟ್ಟುತ್ತಿರಲಿಲ್ಲ. ಮನೆಯೊಳಗೆ ಅಗಲವಾದ ತಟ್ಟೆಗಳಲ್ಲಿ ಜೋಳದ ದಂಟಿನ ಪುಡಿ ಹರಡಿ, ಅಣಬೆಯ ಬೀಜ ಬಿತ್ತಿ, ಹತ್ತು ದಿನಕ್ಕೆ ಬಟ್ಟೆಯಂತೆ ಸುಲಿದು ತೆಗೆಯುವ ಅಣಬೆದೊಗಲು ಬಂದಿತ್ತು. ಹುಲಿಗೆಮ್ಮ ಅದರಿಂದ ಸಕ್ಕರೆ ಕಾಯಿಲೆಯವರಿಗೆ, ಪಾದ ಜೋಮು ಹಿಡಿದವರಿಗೆ ಚಪ್ಪಲಿ ಹೊಲಿಯುತ್ತಿದ್ದಳು. ಮೂರು ಜಿಲ್ಲೆಗಳ ಆಸ್ಪತ್ರೆಯವರು ರೋಗಿಗಳನ್ನು ಅವಳ ಕಟ್ಟೆಗೆ ಕಳಿಸುತ್ತಿದ್ದರು. ಆ ಮನೆಯ ಒಳಕೋಣೆಯ ತಂಪಿನಲ್ಲಿ ಮಾತ್ರ ಅವಳ ಬೀಜ ಬದುಕುತ್ತಿತ್ತು. ಎರಡು ಸಲ ಬೇರೆಡೆ ಇಟ್ಟು ನೋಡಿದ್ದಳು, ಎರಡು ಸಲವೂ ಕಪ್ಪಾಗಿ ಸತ್ತಿತ್ತು. ಮನೆ ಹೋದರೆ ಕಸುಬೂ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಆ ವಾರದಲ್ಲೇ ಮಾನಪ್ಪ ಹೊಸ ಚಪ್ಪಲಿಗೆ ಬಂದ. ಬರಲು ಅವನಿಗೇನೂ ಮನಸ್ಸಿರಲಿಲ್ಲ. ಆದರೆ ಎಡಗಾಲಿನ ಹೆಬ್ಬೆರಳಿನ ಕೆಳಗೆ ಹುಣ್ಣಾಗುವ ಸೂಚನೆಯಿತ್ತು, ವೈದ್ಯರು ಬೈದಿದ್ದರು. ರಿಪೇರಿಯಾದ ಯಂತ್ರವನ್ನು ಕಟ್ಟೆಗೆ ಒರಗಿಸಿ ಕುಳಿತ. ಹುಲಿಗೆಮ್ಮ ಕಾಗದ ಹಾಸಿ ಅವನ ಪಾದದ ಸುತ್ತ ಪೆನ್ಸಿಲ್ ಎಳೆಯತೊಡಗಿದಳು.

"ಹ್ವಾದ ವರ್ಷದ ಅಳತಿ ನಿನ್ನ ಕಡೆ ಐತೆಲ್ಲವಾ, ಮತ್ತ್ಯಾಕ?" ಎಂದ.

"ಐತ್ರಿ. ಅದು ಹ್ವಾದ ವರ್ಷದ ಕಾಲಿಂದು."

"ಕಾಲು ಅದ ಅಲ್ಲೇನು?"

"ಎಲ್ಲಿ ಅದ? ಎಡಗಾಲು ಬಾತೈತಿ. ಹಿಮ್ಮಡ ಒಳಗ ಬಿದ್ದೈತಿ. ಹಳೇ ಅಳತಿಗೆ ಹೊಲದು ಕೊಟ್ರ ನಿಮಗ ನೋವು ಗೊತ್ತಾಗೂದಿಲ್ಲ, ಜೋಮು ಕಾಲು. ಕೀವು ಆದ ಮ್ಯಾಲ ಗೊತ್ತಾಕ್ಕೈತಿ. ಒಂದು ಹಾಳಿ ಉಳಸಾಕ ಹೋಗಿ ಬೆರಳು ಕಳಕೊಂಡವರನ್ನ ನೋಡೀನಿ."

ಅವಳು ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ಒರಗಿದ್ದ ಯಂತ್ರದ ಬುಡ ನೋಡಿದಳು. ಒದ್ದೆ ಅರಿವೆಯಿಂದ ಒರೆಸಿದಳು. ಇಪ್ಪತ್ತಾರು ವರ್ಷದ ಕೆಸರಿನ ಕೆಳಗೆ ಅಕ್ಷರ ಕಂಡವು: ದೋಷ ಕಂಡುಬಂದರೆ ತಿಳಿಸಿ. ಕೆಳಗೆ ಪ್ರಯೋಗಾಲಯದ ವಿಳಾಸ.

"ದಿನಾ ಹೆಗಲ ಮ್ಯಾಲ ಹೊತ್ಕೊಂಡು ಅಡ್ಡಾಡ್ತೀರಿ. ಬುಡಕ ಏನ್ ಬರದಾರಂತ ಒಂದಿನಾನೂ ನೋಡ್ಲಿಲ್ಲ?"

"ಹೊತ್ತಾಂವಗ ಬುಡ ಹೆಂಗ ಕಾಣ್ತೈತಿ ತಂಗಿ?"

"ಕಾಣೂದಿಲ್ಲ ಬಿಡ್ರಿ" ಎಂದು ಅವಳು ವಿಳಾಸವನ್ನು ಅವನ ಪಾದದ ಗೆರೆಯ ಪಕ್ಕದಲ್ಲೇ ಬರೆದುಕೊಂಡಳು.

ಹುಲಿಗೆಮ್ಮ ಬರೆದ ಪತ್ರ ನೋಡಿ ಪ್ರಯೋಗಾಲಯದಿಂದ ಡಾ. ರೋಹಿಣಿ ಕಟ್ಟೀಮನಿ ಬಂದದ್ದು ಏಪ್ರಿಲ್ ಇಪ್ಪತ್ತೇಳಕ್ಕೆ. ಐವತ್ತರ ಆಸುಪಾಸಿನ ವಿಜ್ಞಾನಿ. ಜೊತೆಗೆ ಹೊಸ ಬೆಲೆಗಣ್ಣನ್ನು ತಂದಿದ್ದರು. ಅದು ಎಷ್ಟು ಹಗುರವೆಂದರೆ ಜಂಬದ ಚೀಲದಂತೆ ಕೈಯಲ್ಲೇ ಹಿಡಿದಿದ್ದರು. ಒಂದು ದಿನದ ಪರೀಕ್ಷೆಗೆ ಪುಕ್ಕಟೆ ಎಂದು ತಿಳಿದ ಮೇಲೆ ಅಂಗಡಿಯವರು ಒಪ್ಪಿದರು. ಮರುಮಾಪನ ನಡೆದರೆ ಹಿಂದಿನ ಬೆಲೆ ತಾನಾಗಿ ರದ್ದಾಗುತ್ತದೆ, ಹೊಸ ಬೆಲೆಯೇ ನಿಲ್ಲುತ್ತದೆ ಎಂದು ರೋಹಿಣಿಯವರು ಮೊದಲೇ ತಿಳಿಸಿದರು.

ಮೊದಲು ಹಳೆಯ ಯಂತ್ರವನ್ನು ಪರೀಕ್ಷಿಸಿದರು. ಕೇರಿಯ ಹಿಂದಿನ ಗೋಡೆಯಾಚೆ ಕಾರ್ಖಾನೆಯ ಮಾಲೀಕರ ಬಂಗಲೆ ಇತ್ತು. ಹಿಂದೆ ತೊಗಲು ನೆನೆಹಾಕಿ ನಾರುತ್ತಿದ್ದ ಸುಣ್ಣದ ಗುಂಡಿಗಳಿಗೆ ಹುಲಿಗೆಮ್ಮನ ಮನೆಗಿಂತ ಅದೇ ಹತ್ತಿರ. ಮಾನಪ್ಪ ಯಂತ್ರವನ್ನು ಆ ಕಡೆ ನಿಲ್ಲಿಸಿ ನೋಡಿದ, ಈ ಕಡೆ ನಿಲ್ಲಿಸಿ ನೋಡಿದ. ರೋಹಿಣಿಯವರು ಒಳಲೆಕ್ಕವನ್ನು ಪರದೆಯ ಮೇಲೆ ಬಿಚ್ಚಿ ತೋರಿಸಿದರು. ವಾಸನೆ ಕಡಿತ ಎಂಬ ಸಾಲಿನಲ್ಲಿ ಬಂಗಲೆಗೆ ಏನೂ ಇರಲಿಲ್ಲ. ಹುಲಿಗೆಮ್ಮನ ಮನೆಗೆ ನೂರಕ್ಕೆ ನೂರು.

"ಕಾರ್ಖಾನಿ ಮುಚ್ಚಿದ್ದು ಅದಕ್ಕ ಗೊತ್ತಿಲ್ರಿ ಬಾಯಾರ" ಎಂದ ಮಾನಪ್ಪ ಅಪರಾಧಿಯಂತೆ. "ಅದಕ್ಕ ಇನ್ನೂ ನಲವತ್ತೊಂಬತ್ತನೇ ಇಸ್ವಿ. ನಾನ ತಿರುವೀನಿ."

"ಅದು ನಿಜ. ಆದರೆ ನಲವತ್ತೊಂಬತ್ತರಲ್ಲೂ ಗಾಳಿ ಗೋಡೆ ನೋಡಿ ಬೀಸುತ್ತಿರಲಿಲ್ಲವಲ್ಲ? ಈ ಯಂತ್ರಕ್ಕೆ ಕಣ್ಣಿದೆ, ಕಿವಿಯಿದೆ. ಮೂಗು ಇಟ್ಟೇ ಇಲ್ಲ."

"ಮತ್ತ ವಾಸನಿ ಬಂದದ್ದು ಯಾರಿಗ್ರಿ?"

"ಮಾರಾಟಪತ್ರ ಬರೆದವರಿಗೆ. ಕೇರಿಯ ಪತ್ರಗಳ ಮೇಲೆಲ್ಲ ವಾಸನೆ ಪ್ರದೇಶ ಎಂದು ಷರಾ ಇದೆ. ಬಂಗಲೆಯ ಪತ್ರದ ಮೇಲಿಲ್ಲ. ಯಂತ್ರ ಓದಿತು, ಕಲಿಯಿತು."

ಹುಲಿಗೆಮ್ಮ ನಕ್ಕಳು. "ಅದಕ್ಕೇನು ಬೈತೀರ್ರಿ ಬಾಯಾರ, ಕಲಿಸಿದವರಂಗ ಕಲತೈತಿ."

ಇನ್ನು ಹೊಸದು. ಅದಕ್ಕೆ ೨೦೭೧ ಎಂದು ಗೊತ್ತಿತ್ತು. ಕಾರ್ಖಾನೆ ಇಲ್ಲವೆಂದು ಗೊತ್ತಿತ್ತು, ತೂಗುರೈಲು ಬಂದದ್ದೂ ಗೊತ್ತಿತ್ತು. ಮಾರಾಟಪತ್ರದ ಹಳೆಯ ಷರಾಗಳನ್ನು ಅದರ ಕಣಜದಿಂದ ಕಿತ್ತು ಹಾಕಿದ್ದರು. ಕೇರಿಯ ಹೆಂಗಸರು, ಮುದುಕರು ಹುಲಿಗೆಮ್ಮನ ಅಂಗಳದ ತುಂಬ ಸೇರಿದ್ದರು, ಪೌರಾಯುಕ್ತ ಅಂಗಡಿಯವರೂ ಬಂದಿದ್ದರು. ರೋಹಿಣಿಯವರು ಯಂತ್ರವನ್ನು ಮಾನಪ್ಪನ ಕೈಗೆ ಕೊಟ್ಟರು. ಅದು ನೆಲ ಕುಟ್ಟಲಿಲ್ಲ, ತಲೆ ಹೊರಳಿಸಲಿಲ್ಲ. ಕ್ಷಣಕಾಲ ಬೆಚ್ಚಗಾಯಿತು ಅಷ್ಟೆ.

ಸೊನ್ನೆ.

ಅಂಗಡಿಯವರ ಮುಖ ಅರಳಿತು. "ನೋಡ್ರಿ ಮೇಡಂ! ಹಳೇದೂ ಅದನ್ನ ಹೇಳ್ತೈತಿ, ಹೊಸದೂ ಅದನ್ನ ಹೇಳ್ತೈತಿ. ಮತ್ತ ಹೊಸದಕ್ಕ ಯಾಕ ದುಡ್ಡು ಸುರೀಬೇಕು ನಾವು?"

ರೋಹಿಣಿಯವರು ಪರದೆ ಬಿಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಜಗಲಿಯ ಮೇಲೆ ಕುಳಿತುಬಿಟ್ಟರು.

"ಇದರ ಸ್ವಂತ ಲೆಕ್ಕ ಒಳ್ಳೆಯ ಬೆಲೆಯನ್ನೇ ತೆಗೆದಿತ್ತು" ಎಂದರು. "ಬಜಾರಿನ ಮನೆಗಳ ಬೆಲೆ. ಆಮೇಲೆ ತಾನೇ ಅಳಿಸಿಕೊಂಡಿದೆ."

"ಯಾಕ್ರಿ?" ಹುಲಿಗೆಮ್ಮ ಕೇಳಿದಳು.

"ಯಂತ್ರಗಳು ಮನುಷ್ಯರ ಮಾತು ಕೇಳುವುದಿಲ್ಲ ಎಂದು ಎಲ್ಲ ಕಡೆ ಕೂಗೆದ್ದಿತ್ತು. ಅದಕ್ಕೇ ಈ ಹೊಸದರಲ್ಲಿ ಸಾಕ್ಷಿತೂಕ ಎಂಬ ನಿಯಮ ಇಟ್ಟೆವು. ಸ್ಥಳದಲ್ಲಿ ನಿಂತ ಮನುಷ್ಯ ಒಂದೇ ಮಾತನ್ನು ವರ್ಷ ವರ್ಷವೂ ಹೇಳಿದ್ದರೆ, ಯಂತ್ರ ತನ್ನ ಲೆಕ್ಕ ಬಿಟ್ಟು ಅವನನ್ನು ನಂಬಬೇಕು. ಆ ನಿಯಮ ಬರೆದವಳು ನಾನೇ." ಅವರು ಮಾನಪ್ಪನ ಕಡೆ ನೋಡಿದರು. "ಈ ಕೇರಿಯ ಬಗ್ಗೆ ಎಂಟುನೂರ ಮೂವತ್ತಾರು ಸಾಕ್ಷಿನುಡಿಗಳಿವೆ. ಪಂಚಾಂಗ ತಿರುವಲು ಶುರುವಾದಂದಿನಿಂದ ಮೂವತ್ತೆಂಟು ಮನೆ, ಇಪ್ಪತ್ತೆರಡು ವರ್ಷ. ಎಲ್ಲವೂ ಒಂದೇ ದನಿ. ಹಳೆಯ ಯಂತ್ರದಿಂದ ಇದು ಏನನ್ನೂ ಕಲಿತಿಲ್ಲ ಮಾನಪ್ಪನವರೇ. ನಿಮ್ಮಿಂದ ಕಲಿತಿದೆ."

ಮಾನಪ್ಪನ ಬಾಯಲ್ಲಿದ್ದ ಎಲೆಯಡಿಕೆ ಹಾಗೇ ನಿಂತಿತು. ಗುಣಿಸಿದವನು ಗುಮಾಸ್ತ, ಕೆಡವುವವನು ಪೌರಾಯುಕ್ತ, ಬೆಲೆ ಹೇಳುವುದು ಯಂತ್ರ, ತಾನು ಬರೀ ಹೊರುವವನು ಎಂದು ಇಪ್ಪತ್ತಾರು ವರ್ಷ ಅವನು ಅಂದುಕೊಂಡಿದ್ದ. ರೂಢಿಯಂತೆ ಉಸುರುತ್ತಿದ್ದ ಆ ಎರಡು ಶಬ್ದಗಳನ್ನು ಯಾರೋ ಎಲ್ಲೋ ಒಂದೂ ಬಿಡದೆ ಕೂಡಿಡುತ್ತಿದ್ದರು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಒಳಗೆ ಏನೇನಿದೆ?" ರೋಹಿಣಿಯವರು ಕೇಳಿದರು. "ಮನೆಯೊಳಗೆ?"

"ಒಳಗ ಹೋಗಿಲ್ರಿ."

"ಒಂದು ಸಲವೂ?"

"ಬಾಗಲ್ದಾಗ ನಿಂತು ಮಾಡೂದು ಪದ್ಧತಿರಿ."

"ಬೇರೆ ವಾರ್ಡುಗಳಲ್ಲಿ?"

ಮಾನಪ್ಪ ತಡವರಿಸಿದ. "ಅಲ್ಲಿ... ಅಲ್ಲಿ ಒಳಗ ಕರೀತಾರ್ರಿ. ಚಾ ಕೊಡ್ತಾರ."

"ನಾವೂ ಕರದೀವಿ" ಎಂದಳು ಹುಲಿಗೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ವರ್ಷಾ ಕರದೀವಿ. ಹೊತ್ತಾತು ಅಂತಿದ್ರಿ. ನಾ ಮುಟ್ಟಿ ಹೊಲದ ಚಪ್ಪಲಿ ಆಕ್ಕೈತಿ, ನಾ ಕಾಸಿದ ಚಾಕ್ಕ ಹೊತ್ತಾಕ್ಕೈತಿ."

ಅಂಗಡಿಯವರು ಗಡಿಯಾರ ನೋಡಿದರು. "ಆತು ಬಿಡ್ರಿ, ಹಳೇ ಪುರಾಣ ಯಾಕ. ಮೇಡಂ, ಈಗ ಮುಂದೇನು?"

"ಸಾಕ್ಷಿನುಡಿ ಬೀಳದೆ ಬೆಲೆ ನಿಲ್ಲುವುದಿಲ್ಲ" ಎಂದರು ರೋಹಿಣಿ. "ಬಿದ್ದರೆ ಇವತ್ತಿನಿಂದ ಇದೇ ಕಾಯಂ. ಬೀಳದಿದ್ದರೆ ಐದು ಜನರ ಸಮಿತಿ ಬಂದು ಒಂದೊಂದು ಮನೆಯನ್ನೂ ಕಣ್ಣಾರೆ ನೋಡಬೇಕು, ಮನೆಯವರನ್ನು ಕೇಳಬೇಕು. ಅಲ್ಲಿಯವರೆಗೆ ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ."

"ಅದೇನು ದೊಡ್ಡ ಮಾತು, ಮಾನಪ್ಪ ಹೇಳ್ತಾನ" ಎಂದರು ಅಂಗಡಿ. "ಎಂಟುನೂರು ಸಲ ಹೇಳ್ಯಾನಂತ, ಇನ್ನೊಂದು ಸಲ ಹೇಳಾಕ ನಾಲಗಿ ಸವೀತೈತೇನು? ಹೇಳ್ರಿ ಮಾನಪ್ಪ."

ಮಾನಪ್ಪ ಯಂತ್ರವನ್ನು ಕಟ್ಟೆಯ ಮೇಲಿಟ್ಟ. ಮೂಲೆಗೆ ಹೋಗಿ ಎಲೆಯಡಿಕೆ ಉಗುಳಿದ. ಚಪ್ಪಲಿ ಬಿಟ್ಟ. ಜೋಮು ಹಿಡಿದ ಕಾಲಿಗೆ ಹೊಸ್ತಿಲ ತಂಪು ತಾಗಲಿಲ್ಲ. ಬಾಗಿಲ ತೋಳು ಹಿಡಿದು, ಕಣ್ಣಿಂದ ನೋಡಿಕೊಂಡೇ ಹೆಜ್ಜೆ ಒಳಗಿಟ್ಟ.

ಒಳಗೆ ಕತ್ತಲೆಯೆನ್ನುವಂತಿರಲಿಲ್ಲ. ಮಾಳಿಗೆಯ ಗವಾಕ್ಷಿಯಿಂದ ಬಿಸಿಲಿನ ಕೋಲೊಂದು ಇಳಿದಿತ್ತು. ಒಂದರ ಮೇಲೊಂದು ತಟ್ಟೆಗಳು, ಅವುಗಳಲ್ಲಿ ಕೆನೆಯಂತೆ ಹಬ್ಬಿದ ಅಣಬೆದೊಗಲು. ಹಸಿ ದಂಟಿನ ವಾಸನೆ, ಮಳೆ ಬಿದ್ದ ಹೊಲದಂಥದ್ದು. ಗೋಡೆಯ ಉದ್ದಕ್ಕೂ ಮೊಳೆಗೆ ಸಿಕ್ಕಿಸಿದ ಕಾಗದಗಳು. ಅವುಗಳ ಮೇಲೆ ಪಾದದ ಗೆರೆಗಳು, ನೂರಾರು. ಪ್ರತಿಯೊಂದರ ಕೆಳಗೆ ಹೆಸರು, ತಾರೀಖು. ತನ್ನ ಹೆಸರಿನ ಕಟ್ಟನ್ನು ಅವನು ಬೆರಳಿಂದ ತಿರುವಿದ. ಒಂಬತ್ತು ವರ್ಷ, ಒಂಬತ್ತು ಹಾಳೆ. ಒಂದರಂತೆ ಇನ್ನೊಂದಿರಲಿಲ್ಲ. ಹೆಬ್ಬೆರಳು ವಾಲುತ್ತ ಬಂದದ್ದು, ಪಾದ ಬಾತುಕೊಂಡದ್ದು, ಎಲ್ಲ ಅಲ್ಲಿತ್ತು.

ಹುಲಿಗೆಮ್ಮ ಒಲೆಯ ಕಡೆ ಹೋಗಿ ಒಂದು ಲೋಟ ಚಹಾ ತಂದು ಅವನ ಮುಂದೆ ಹಿಡಿದಳು. ಅವನು ಇಸಿದುಕೊಂಡ. ನಿಂತೇ ಕುಡಿದ. ಪೂರ್ತಿ ಕುಡಿದ.

ಹೊರಗೆ ಅಂಗಡಿಯವರು ಕೂಗಿದರು: "ಏನ್ರೀ ಮಾನಪ್ಪ, ಬೀಗರ ಮನಿಗೆ ಬಂದೀರೇನು? ಲಗೂನ ಬರ್ರಿ!"

ಮಾನಪ್ಪ ಲೋಟ ತಿರುಗಿ ಕೊಟ್ಟು ಹೊರಗೆ ಬಂದ. ಯಂತ್ರವನ್ನು ಕೈಗೆತ್ತಿಕೊಂಡ. ಅದು ಬೆಚ್ಚಗಾಯಿತು, ಹಸಿರು ದೀಪ ಮಿನುಗಿತು.

"ಸಾಕ್ಷಿನುಡಿ ಹೇಳಿ."

"ಕಂಡೆನು" ಎಂದ ಮಾನಪ್ಪ.

ಅಂಗಡಿಯವರು ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದರು. ಯಂತ್ರ ಎರಡನೆಯ ಶಬ್ದಕ್ಕೆ ಕಾಯಿತು. ದೀಪ ಮಿನುಗುತ್ತಲೇ ಇತ್ತು.

"ಮುಂದಿಂದು ಹೇಳ್ರಿ."

ಮಾನಪ್ಪ ಚಪ್ಪಲಿ ಮೆಟ್ಟಿಕೊಂಡ, ಮೊದಲು ಎಡಗಾಲು, ಆಮೇಲೆ ಬಲಗಾಲು.

"ಮಾನಪ್ಪ, ಇದು ನನ್ನ ಆರ್ಡರ್ ಐತಿ. ಹೇಳ್ರಿ."

"ಹೇಳೂದಿಲ್ರಿ ಸಾಹೇಬ್ರ" ಎಂದ ಮಾನಪ್ಪ.